ಸೀಟು ಸಿಕ್ಕಿದೆ, ಆದರೂ ಬಿಟ್ಟು ಹೋಗಲು ಮನಸ್ಸಿಲ್ಲ

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡ ಕುಟುಂಬಗಳ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಊರಿನಲ್ಲಿ ಓದುವವರಿಗೆ ಅನುಕೂಲವಾಗಲಿ ಅಂತ ಕೆಲವು ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಮಕ್ಕಳಲ್ಲಿ ಕೆಲವರಿಗೆ ಏಪ್ರಿಲ್‌ನಲ್ಲಿ ಯೂನಿವರ್ಸಿಟಿಯ ಸೀಟು ಸಿಕ್ಕಿದೆ. ಮೊದಲು ಅವರಿಗೆಲ್ಲ ಅಭಿನಂದನೆ. ಎರಡು ವರ್ಷ, ಕೆಲವರು ಮೂರು ನಾಲ್ಕು ವರ್ಷ, ಕಮ್ಯುನಿಟಿ ಕಾಲೇಜಿನಲ್ಲಿ (ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜು) ಓದಿ, ಜೊತೆಗೆ ಕೆಲಸ ಮಾಡಿಕೊಂಡು ಸಂಪಾದಿಸಿದ ಸೀಟು ಇದು. ಜೂನ್ 1ರೊಳಗೆ "ಬರ್ತೀನಿ" ಅಂತ ಒಪ್ಪಿಗೆ ಕೊಡಬೇಕು. ಮನೆಯಲ್ಲಿ ಅಪ್ಪ ಅಮ್ಮ ಊರಿಗೆಲ್ಲ ಫೋನ್ ಮಾಡಿ ಹೇಳಿಯಾಗಿದೆ. ಅಜ್ಜಿ ದೇವರ ಮುಂದೆ ತುಪ್ಪದ ದೀಪ ಹಚ್ಚಿಯಾಗಿದೆ.

ಆದರೆ ಸೀಟು ಸಿಕ್ಕವರಲ್ಲೇ ಕೆಲವರು ನನ್ನ ಹತ್ತಿರ ಬಂದು ಬೇರೆ ಮಾತು ಹೇಳುತ್ತಾರೆ. "ಆಂಟಿ, ಖುಷಿ ಆಗಬೇಕಿತ್ತು. ಯಾಕೋ ಹೊಟ್ಟೆ ಹಿಂಡಿದ ಹಾಗಾಗ್ತಿದೆ. ಇಲ್ಲೇ ಇನ್ನೊಂದು ವರ್ಷ ಇರ್ಲಾ ಅನ್ನಿಸ್ತಿದೆ." ಅಮ್ಮನಿಗೆ ಹೇಳಿದೆಯಾ ಅಂತ ಕೇಳಿದರೆ, ಇಲ್ಲ. ಹೇಳಿದರೆ "ಹೊಸ ಜಾಗ ಅಂತ ಭಯ, ಹೋದ ಮೇಲೆ ಸರಿಹೋಗುತ್ತೆ" ಅಂತಾರೆ, ಅಷ್ಟೇ.

ಭಯ ಇರುತ್ತೆ, ನಿಜ. ಆದರೆ ಆ ಸಂಕಟವನ್ನೆಲ್ಲ ಭಯದ ಲೆಕ್ಕಕ್ಕೆ ಹಾಕಬೇಡಿ. ನೀವು ಒಂದು ಒಳ್ಳೆಯ ಜಾಗ ಬಿಟ್ಟು ಹೋಗುತ್ತಿದ್ದೀರಿ. ಅಲ್ಲಿ ಸಿಕ್ಕಿದ್ದೆಲ್ಲ ಮುಂದಿನ ಜಾಗದಲ್ಲಿ ತಾನಾಗಿ ಸಿಗುವುದಿಲ್ಲ. ಅದು ನಿಮ್ಮ ಮನಸ್ಸಿಗೆ ಗೊತ್ತಾಗಿದೆ. ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಏನು ಬಿಟ್ಟು ಹೋಗುತ್ತಿದ್ದೀರಿ ಅನ್ನೋದನ್ನ ಸರಿಯಾಗಿ ತಿಳಿದುಕೊಂಡು ಹೋಗಿ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ.

ಊರಿನವರಿಗಾಗಿ ಸ್ವಲ್ಪ ಹಿನ್ನೆಲೆ. ಕಮ್ಯುನಿಟಿ ಕಾಲೇಜು ಅಂದರೆ ಅಮೆರಿಕದ ಸರ್ಕಾರಿ ಎರಡು ವರ್ಷದ ಕಾಲೇಜು. ಹೈಸ್ಕೂಲ್ ಮುಗಿಸಿದವರು ಯಾರು ಬೇಕಾದರೂ ಸೇರಬಹುದು. ಮಾರ್ಕ್ಸ್ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ. ಕೆಲವರು ನರ್ಸಿಂಗ್, ವೆಲ್ಡಿಂಗ್, ಕಾರ್ ರಿಪೇರಿ ಇಂಥದ್ದು ಕಲಿತು ನೇರ ಕೆಲಸಕ್ಕೆ ಹೋಗುತ್ತಾರೆ. ಇನ್ನು ಕೆಲವರು ಡಿಗ್ರಿಯ ಮೊದಲ ಎರಡು ವರ್ಷದ ಪಾಠ ಇಲ್ಲಿ ಮುಗಿಸಿ, ಉಳಿದ ಎರಡು ವರ್ಷಕ್ಕೆ ಯೂನಿವರ್ಸಿಟಿಗೆ ಹೋಗುತ್ತಾರೆ. ಇದಕ್ಕೆ ಟ್ರಾನ್ಸ್‌ಫರ್ ಅಂತಾರೆ. ಕೊನೆಗೆ ಕೈಗೆ ಬರುವ ಡಿಗ್ರಿ ಯೂನಿವರ್ಸಿಟಿಯದ್ದೇ.

ಇದು ನಿನ್ನೆ ಮೊನ್ನೆ ಹುಟ್ಟಿದ ವ್ಯವಸ್ಥೆ ಅಲ್ಲ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಅನ್ನೋ ಊರಿನ ಹೈಸ್ಕೂಲಿನಲ್ಲಿ 6 ವಿದ್ಯಾರ್ಥಿಗಳಿಗೆ ಕಾಲೇಜಿನ ಪಾಠ ಶುರುವಾಯಿತು. ದೇಶದ ಮೊದಲ ಸರ್ಕಾರಿ ಜೂನಿಯರ್ ಕಾಲೇಜು ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಇಂಥ ಕಾಲೇಜುಗಳು ದೇಶದ ತುಂಬ ಬರಬೇಕು ಅಂತ ಹೇಳಿತು. ಕ್ಯಾಲಿಫೋರ್ನಿಯಾ 1960ರಲ್ಲಿ ಒಂದು ಮಾಸ್ಟರ್ ಪ್ಲ್ಯಾನ್ ಮಾಡಿತು. ಹೈಸ್ಕೂಲಿನಲ್ಲಿ ಎಲ್ಲರಿಗಿಂತ ಮುಂದಿರುವ ಎಂಟರಲ್ಲಿ ಒಂದು ಪಾಲು ಮಕ್ಕಳಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೂರರಲ್ಲಿ ಒಂದು ಪಾಲಿಗೆ ಸ್ಟೇಟ್ ಕಾಲೇಜುಗಳು, ಉಳಿದವರಿಗೆಲ್ಲ ಕಮ್ಯುನಿಟಿ ಕಾಲೇಜು. ಅದರ ಜೊತೆಗೇ ಒಂದು ಮಾತು ಕೊಟ್ಟಿತು. ಕಮ್ಯುನಿಟಿ ಕಾಲೇಜಿನಲ್ಲಿ ಚೆನ್ನಾಗಿ ಓದಿದವರಿಗೆ ಮೂರನೇ ವರ್ಷಕ್ಕೆ ಯೂನಿವರ್ಸಿಟಿಯಲ್ಲಿ ಜಾಗ ಇಟ್ಟಿರುತ್ತೇವೆ ಅಂತ. ಈ ಮಾತಿನ ಮೇಲೆ ನಿಮ್ಮ ಸೀಟು ನಿಂತಿದೆ. ಯಾರೋ ಪಾಪ ಅಂತ ಹಿಂದಿನ ಬಾಗಿಲಿನಿಂದ ಒಳಗೆ ಬಿಟ್ಟಿದ್ದಲ್ಲ ಅದು.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಮನೆಗಳಲ್ಲಿ ಕಮ್ಯುನಿಟಿ ಕಾಲೇಜು ಅಂದರೆ ದನಿ ಸಣ್ಣದಾಗುತ್ತೆ. ಹಬ್ಬದ ಊಟದಲ್ಲಿ "ಮಗಳು ಎಲ್ಲಿ ಓದ್ತಿದ್ದಾಳೆ?" ಅಂತ ಕೇಳಿದರೆ "ಸದ್ಯಕ್ಕೆ ಇಲ್ಲೇ ಹತ್ತಿರ" ಅಂತ ಹೇಳಿ, ಪಲ್ಯ ಬಡಿಸಲು ಎದ್ದು ಹೋಗುವವರನ್ನು ನೋಡಿದ್ದೇನೆ. ಮಗಳು ಪಕ್ಕದಲ್ಲೇ ಕೂತಿರುತ್ತಾಳೆ. ಬಸ್ಸು ಬರುವ ತನಕ ನಿಲ್ಲುವ ಬಸ್‌ಸ್ಟ್ಯಾಂಡಿನ ಹಾಗೆ ನಾವು ಆ ಕಾಲೇಜನ್ನು ನೋಡುತ್ತೇವೆ. ಬಸ್‌ಸ್ಟ್ಯಾಂಡ್ ಬಿಟ್ಟು ಹೋಗಲು ಯಾರಿಗಾದರೂ ಬೇಸರ ಆಗುತ್ತಾ? ಹಾಗಾಗಿ ಆ ಮಗುವಿಗೆ ತನ್ನ ಬೇಸರ ಹೇಳಿಕೊಳ್ಳಲು ಜಾಗವೇ ಇರುವುದಿಲ್ಲ. ಅದು ನನಗೆ ತುಂಬ ನೋವಿನ ವಿಷಯ.

ಕ್ಯುಪರ್ಟಿನೋದಲ್ಲಿ ಮನೆ ಮಾಡಿರುವವರು ಡಿ ಆಂಜಾ ಅನ್ನೋ ಕಮ್ಯುನಿಟಿ ಕಾಲೇಜಿನ ಮುಂದೆ ಓಡಾಡುತ್ತಲೇ ಇರುತ್ತೀರಿ. 1984ರ ಜನವರಿಯಲ್ಲಿ ಆಪಲ್ ತನ್ನ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದ್ದು ಆ ಕಾಲೇಜಿನ ಆವರಣದಲ್ಲಿದ್ದ ಫ್ಲಿಂಟ್ ಸೆಂಟರ್‌ನಲ್ಲಿ. ಆಪಲ್ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಅದೇ ಕಾಲೇಜಿನಲ್ಲಿ ಓದಿ ಆಮೇಲೆ ಬರ್ಕ್ಲಿ ಯೂನಿವರ್ಸಿಟಿಗೆ ಹೋದವರು. ದೊಡ್ಡವರ ಹೆಸರು ಹೇಳಿದರೆ ಮಾತ್ರ ಕಾಲೇಜಿಗೆ ಬೆಲೆ ಅಂತ ನಾನು ನಂಬುವುದಿಲ್ಲ. ಆದರೂ ದನಿ ಸಣ್ಣದು ಮಾಡುವವರಿಗೆ ಇದು ಗೊತ್ತಿರಲಿ.

ಈಗ ನನ್ನ ವಿಷಯ. ನಾನು ಹಾಸನದಲ್ಲಿ ಬಿ.ಕಾಂ. ಮಾಡಿ, ಮದುವೆಯಾಗಿ, ಎಚ್-4 ವೀಸಾದಲ್ಲಿ (ಇಲ್ಲಿ ಕೆಲಸದ ವೀಸಾದಲ್ಲಿರುವವರ ಗಂಡ, ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ) ಇಲ್ಲಿಗೆ ಬಂದವಳು. ಆಗ ಆ ವೀಸಾದವರು ಕೆಲಸ ಮಾಡುವ ಹಾಗಿರಲಿಲ್ಲ. ಓದಬಹುದಿತ್ತು. ಮಗ ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ, ಮನೆಯಲ್ಲಿ ಸುಮ್ನೆ ಕೂರುವ ಬದಲು ಅಂತ, ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಗಣಿತದ ಕ್ಲಾಸಿಗೆ ಸೇರಿದೆ. ಒಂದು ಎರಡಾಯಿತು, ಎರಡು ಪೂರ್ತಿ ಕೋರ್ಸ್ ಆಯಿತು. ಆಮೇಲೆ ಟ್ರಾನ್ಸ್‌ಫರ್ ಆಗಿ ಗಣಿತದಲ್ಲಿ ಡಿಗ್ರಿ ಮಾಡಿದೆ. ಈಗ ಇನ್ನೊಂದು ಕಮ್ಯುನಿಟಿ ಕಾಲೇಜಿನಲ್ಲಿ ಗಣಿತದ ಟ್ಯೂಟರಿಂಗ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತೇನೆ.

ಆ ಸೆಂಟರ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಬಿಟ್ಟು ಹೋಗುವಾಗ ನನಗೆ ಜಾಸ್ತಿ ಸಂಕಟ ಆಗಿದ್ದು ನಾನು ಓದಿದ ಕಾಲೇಜಿನ ಅಂಥದ್ದೇ ಕೋಣೆಗಾಗಿ. ಉದ್ದನೆಯ ಮೇಜುಗಳು, ಗೋಡೆಯ ಮೇಲೆಲ್ಲ ಬಿಳಿ ಬೋರ್ಡು. ಒಂದು ಮೇಜಿನಲ್ಲಿ ನಾವು ನಾಲ್ಕು ಜನ. ರಾತ್ರಿ ಪಾಳಿ ಗೋದಾಮಿನಲ್ಲಿ ಕೆಲಸ ಮಾಡಿ, ಬೆಳಿಗ್ಗೆ ಶೂ ಕೂಡ ಬದಲಾಯಿಸದೆ ಬರುತ್ತಿದ್ದ ಒಬ್ಬ ಹುಡುಗ. ಸೇನೆಯಿಂದ ವಾಪಸ್ ಬಂದು ಎಂಜಿನಿಯರಿಂಗ್ ಓದಬೇಕು ಅಂತಿದ್ದ ಇನ್ನೊಬ್ಬ. ಮೊಮ್ಮಕ್ಕಳಿರುವ ಒಬ್ಬ ಹೆಂಗಸು, ಅವರಿಗೆ ನಿವೃತ್ತಿ ಆದ ಮೇಲೆ ಕ್ಯಾಲ್ಕುಲಸ್ ಕಲಿಯುವ ಆಸೆ. ಮತ್ತೆ ನಾನು, ಡಬ್ಬಿಯಲ್ಲಿ ಚಿತ್ರಾನ್ನ ಇಟ್ಟುಕೊಂಡು. ಯಾರಿಗೆ ಯಾರ ವಯಸ್ಸೂ ವಿಚಿತ್ರ ಅನ್ನಿಸಲಿಲ್ಲ.

ನಮ್ಮ ಮೇಷ್ಟ್ರು ಅಲ್ಲೇ ಬಂದು ಕೂರುತ್ತಿದ್ದರು. ಅವರಿಗೆ ಸ್ವಂತ ಆಫೀಸು ಇರಲಿಲ್ಲ. ಲೆಕ್ಕ ಬರಲಿಲ್ಲ ಅಂತ ತೋರಿಸಿದರೆ ಉತ್ತರ ಹೇಳುತ್ತಿರಲಿಲ್ಲ. ಪೆನ್ಸಿಲ್ ನಮ್ಮ ಕೈಗೇ ಕೊಟ್ಟು, "ಇದರಲ್ಲಿ ಯಾವ ಹೆಜ್ಜೆ ನಿನಗೆ ನಂಬಿಕೆ ಬರ್ತಿಲ್ಲ, ಅದರ ಮೇಲೆ ಇಡು" ಅಂತಿದ್ದರು. ನಾನು ಮೇಲಿಂದ ಒಂದೊಂದೇ ಸಾಲು ಪೆನ್ಸಿಲ್ ಇಳಿಸುತ್ತಾ ಬಂದು ಒಂದು ಕಡೆ ನಿಲ್ಲಿಸುತ್ತಿದ್ದೆ. ಅಲ್ಲಿಂದ ಪಾಠ ಶುರು. ಹಾಸನದಲ್ಲಿ ನಾನು ಗಣಿತ ಬಾಯಿಪಾಠ ಮಾಡಿ ಪಾಸಾದವಳು. ನನಗೆ ಅರ್ಥವಾಗದ ಜಾಗ ಯಾವುದು ಅಂತ ನಾನೇ ಹುಡುಕಿಕೊಳ್ಳಬಹುದು ಅನ್ನೋದು ಆ ಮೇಜಿನಲ್ಲಿ ಗೊತ್ತಾಯಿತು.

ಇಂಥ ಮೇಷ್ಟ್ರು ನನ್ನ ಅದೃಷ್ಟಕ್ಕೆ ಸಿಕ್ಕರು ಅಂತ ಬಹಳ ದಿನ ಅಂದುಕೊಂಡಿದ್ದೆ. ಸ್ವಲ್ಪ ಅದೃಷ್ಟ ಇದ್ದೇ ಇದೆ. ಆದರೆ ಅದರ ಹಿಂದೆ ವ್ಯವಸ್ಥೆಯೂ ಇದೆ. ಕಮ್ಯುನಿಟಿ ಕಾಲೇಜಿನ ಮೇಷ್ಟ್ರ ಕೆಲಸ ಪಾಠ ಹೇಳುವುದು. ಸಂಶೋಧನೆ ಮಾಡಿ ಪ್ರಕಟಿಸಬೇಕು ಅನ್ನೋ ಒತ್ತಡ ಅವರಿಗಿಲ್ಲ. ಕ್ಲಾಸಿನಲ್ಲಿ ಸಾಮಾನ್ಯವಾಗಿ ಮೂವತ್ತು ನಲವತ್ತು ಜನ, ಹೆಸರು ಹಿಡಿದು ಕರೆಯಬಹುದು. ಪಾಠವನ್ನು ಇಲ್ಲಿ ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಫೀಸು ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. ವರ್ಷಕ್ಕೆ 30 ಯೂನಿಟ್ ತೆಗೆದುಕೊಂಡರೂ 1,380 ಡಾಲರ್ ಆಗುತ್ತೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ವರ್ಷದ ಫೀಸೇ 14,000 ಡಾಲರ್‌ಗಿಂತ ಜಾಸ್ತಿ, ಊಟ ವಸತಿ ಬೇರೆ. ಫೀಸು ಕಡಿಮೆ ಇದ್ದಾಗ ಮಕ್ಕಳು ಧೈರ್ಯ ಮಾಡಿ ಹೊಸ ವಿಷಯ ಮುಟ್ಟಿ ನೋಡುತ್ತಾರೆ. ಒಂದು ಸೆರಾಮಿಕ್ಸ್ ಕ್ಲಾಸು, ಒಂದು ಭೂಗರ್ಭಶಾಸ್ತ್ರ. ಅದರಿಂದಲೇ ದಾರಿ ಬದಲಾಯಿಸಿದವರಿದ್ದಾರೆ.

ಯೂನಿವರ್ಸಿಟಿಯಲ್ಲಿ ಏನಾಗುತ್ತೆ? ನಾನು ಹೋದ ಮೊದಲ ವಾರವೇ ಮುನ್ನೂರು ಜನ ಕೂರುವ ಹಾಲ್‌ನಲ್ಲಿ ಕ್ಲಾಸು. ಪ್ರೊಫೆಸರ್ ಮೈಕ್ ಹಾಕಿಕೊಂಡು ಪಾಠ ಮಾಡುತ್ತಾರೆ. ಪ್ರಶ್ನೆ ಕೇಳಬೇಕಾದರೆ ವಾರಕ್ಕೊಮ್ಮೆ ಸಣ್ಣ ಗುಂಪಿನ ಕ್ಲಾಸು ಇರುತ್ತೆ, ಅದನ್ನು ನಡೆಸುವವರು ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿಗಳು. ಅವರೂ ಒಳ್ಳೆಯವರೇ, ಆದರೆ ಅವರಿಗೆ ಅವರದೇ ಪರೀಕ್ಷೆ, ಅವರದೇ ಸಂಶೋಧನೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ ಬರ್ಕ್ಲಿ, ಮರ್ಸೆಡ್ ಬಿಟ್ಟು ಉಳಿದವು ಕ್ವಾರ್ಟರ್ ಲೆಕ್ಕದಲ್ಲಿ ನಡೆಯುತ್ತವೆ. ಪಾಠ ಹತ್ತೇ ವಾರ. ಸೆಮಿಸ್ಟರ್ ಕಾಲೇಜಿನಿಂದ ಹೋದವರಿಗೆ ಪುಸ್ತಕ ಕೊಳ್ಳುವಷ್ಟರಲ್ಲಿ ಮಿಡ್‌ಟರ್ಮ್ ಬಂದಿರುತ್ತೆ.

ಅದಕ್ಕಿಂತ ಕಷ್ಟ ಇನ್ನೊಂದಿದೆ. ಮೂರನೇ ವರ್ಷಕ್ಕೆ ಬಂದವರಿಗೆ ಮೂರನೇ ವರ್ಷದ ಪಾಠವೇ ಮೊದಲ ಪಾಠ. ಮೊದಲ ವರ್ಷ ಸೇರಿದವರು ಸುಲಭದ ಕ್ಲಾಸುಗಳಲ್ಲಿ ಎಡವಿ, ಎದ್ದು, ಯಾವ ಪ್ರೊಫೆಸರ್ ಹೇಗೆ, ಲೈಬ್ರರಿಯ ಯಾವ ಮಹಡಿ ನಿಶ್ಶಬ್ದ, ಎಲ್ಲ ತಿಳಿದುಕೊಂಡಿರುತ್ತಾರೆ. ಹಾಸ್ಟೆಲಿನಲ್ಲಿ ಜೊತೆಗಿದ್ದು ಸ್ನೇಹ ಬೆಳೆದಿರುತ್ತೆ. ಆ ಗುಂಪಿನೊಳಗೆ ನೀವು ಹೊಸಬರು. ಕಾರಿಡಾರಿನಲ್ಲಿ ನಿಂತು ಅವರು ನಗುತ್ತಿದ್ದರೆ ನೀವು ಫೋನ್ ನೋಡುತ್ತಾ ನಿಂತಿರುತ್ತೀರಿ.

ಇದು ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಊರಿನಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿ, ಡಿಸೆಟ್ ಬರೆದು, ಬಿ.ಇ. ಮೂರನೇ ಸೆಮಿಸ್ಟರಿಗೆ ಲ್ಯಾಟರಲ್ ಎಂಟ್ರಿಯಲ್ಲಿ ಸೇರುವ ಮಕ್ಕಳನ್ನು ಕೇಳಿ ನೋಡಿ. ಕೈಕೆಲಸದಲ್ಲಿ ಅವರು ಗಟ್ಟಿ. ಲ್ಯಾಬ್‌ನಲ್ಲಿ ಉಳಿದವರು ಅವರ ಹತ್ತಿರವೇ ಕೇಳುತ್ತಾರೆ. ಆದರೆ ಕ್ಲಾಸಿನಲ್ಲಿ ಒಂದು ವರ್ಷದ ಸ್ನೇಹ ಆಗಲೇ ಗಟ್ಟಿಯಾಗಿರುತ್ತೆ. ಗಣಿತದಲ್ಲಿ ಅವರಿಗೆ ಅಂತಲೇ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಬೇರೆ. "ಡಿಪ್ಲೊಮಾದವರು" ಅಂತ ಕರೆಯುವ ರಾಗ ಅವರ ಕಿವಿಯಲ್ಲಿ ಉಳಿದುಬಿಡುತ್ತೆ.

ಟ್ರಾನ್ಸ್‌ಫರ್ ಆದ ಮೊದಲ ಟರ್ಮ್‌ನಲ್ಲಿ ಮಾರ್ಕ್ಸ್ ಇಳಿಯುವುದಕ್ಕೆ ಇಲ್ಲಿ ಟ್ರಾನ್ಸ್‌ಫರ್ ಶಾಕ್ ಅಂತಾರೆ. ಜಾನ್ ಹಿಲ್ಸ್ ಅನ್ನುವವರು 1965ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಹಲವು ಹಳೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ಅವರು ಕಂಡುಕೊಂಡಿದ್ದು ಇದು: ಮೊದಲು ಇಳಿಯುತ್ತೆ, ಆಮೇಲೆ ಬಹಳ ಜನರದ್ದು ಮತ್ತೆ ಏರುತ್ತೆ. ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ಡಿಸೆಂಬರಿನಲ್ಲಿ ಮಕ್ಕಳು ಮನೆಗೆ ಬಂದಾಗ ಗ್ರೇಡು ಸ್ವಲ್ಪ ಇಳಿದಿದ್ದರೆ "ಅಲ್ಲಿ ಎ ಬರ್ತಿತ್ತು, ಇಲ್ಲಿ ಯಾಕೆ ಬಿ?" ಅಂತ ಶುರು ಮಾಡಬೇಡಿ. ಮುಂದಿನ ಕ್ವಾರ್ಟರ್ ಮುಗಿಯುವ ಮಾರ್ಚ್ ತನಕ ಕಾಯಿರಿ. ಕೊನೆಗೆ ಡಿಗ್ರಿ ಮುಗಿಸುವ ಲೆಕ್ಕ ನೋಡಿದರೆ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಟ್ರಾನ್ಸ್‌ಫರ್ ಆಗಿ ಬಂದವರು ಮೊದಲ ವರ್ಷ ಸೇರಿದವರಿಗೆ ಹೆಚ್ಚುಕಮ್ಮಿ ಸಮ ಇದ್ದಾರೆ.

ಇಷ್ಟೆಲ್ಲ ಕೇಳಿ "ಹಾಗಾದರೆ ಯಾಕೆ ಹೋಗಬೇಕು?" ಅಂತ ಅನ್ನಿಸಬಹುದು. ಹೋಗಲೇಬೇಕು, ಯಾಕೆಂದರೆ ಬಹುಪಾಲು ವಿಷಯಗಳ ಮೂರನೇ ವರ್ಷದ ಪಾಠ ಕಮ್ಯುನಿಟಿ ಕಾಲೇಜಿನಲ್ಲಿ ಇಲ್ಲ. ಎಷ್ಟು ಪ್ರೀತಿ ಇದ್ದರೂ ಅಲ್ಲಿ ಕಲಿಯಲು ಆಗದ್ದು ಬೇಕಾದಷ್ಟಿದೆ. ನನಗೆ ಅದು ಅರ್ಥವಾಗಿದ್ದು ಒಬ್ಬ ಪ್ರೊಫೆಸರ್ ಆಫೀಸಿನಲ್ಲಿ. ಹೋಮ್‌ವರ್ಕ್ ಬಗ್ಗೆ ಏನೋ ಕೇಳಲು ಹೋಗಿದ್ದೆ. ಅವರು ಅದನ್ನು ಹೇಳಿ ಮುಗಿಸಿ, ತಾವು ಆಗ ಕೂತು ಬಿಡಿಸುತ್ತಿದ್ದ ಸಮಸ್ಯೆಯನ್ನು ಬೋರ್ಡಿನ ಮೇಲೆ ಬರೆದರು. "ಇದಕ್ಕೆ ಉತ್ತರ ಏನು?" ಅಂದೆ. "ಇನ್ನೂ ಯಾರಿಗೂ ಗೊತ್ತಿಲ್ಲ" ಅಂದರು. ಗಣಿತ ಅಂದರೆ ಎಂದೋ ಯಾರೋ ಬರೆದು ಮುಗಿಸಿದ ಪುಸ್ತಕ ಅಂದುಕೊಂಡಿದ್ದವಳಿಗೆ, ಅದು ಈಗಲೂ ಆಗುತ್ತಿರುವ ಕೆಲಸ ಅಂತ ಕಣ್ಣಿಗೆ ಕಂಡಿತು. ಸಂಶೋಧನೆ ಅನ್ನೋದು ಪಾಠಕ್ಕೆ ಅಡ್ಡ ಬರುವ ವಿಷಯ ಅಂತ ಅಲ್ಲಿಯ ತನಕ ಅಂದುಕೊಂಡಿದ್ದೆ. ಅವತ್ತಿನಿಂದ ಹಾಗನ್ನಿಸಲಿಲ್ಲ.

ಆದರೆ ಆ ಆಫೀಸಿನ ಬಾಗಿಲು ತಟ್ಟುವ ಧೈರ್ಯ ನನಗೆ ಬಂದಿದ್ದು ಟ್ಯೂಟರಿಂಗ್ ಸೆಂಟರಿನ ಮೇಜಿನಿಂದ. ಮುನ್ನೂರು ಜನರ ಕ್ಲಾಸಿನಲ್ಲಿ ಪ್ರಶ್ನೆ ಕೇಳಲು ಬನ್ನಿ ಅಂತ ಪ್ರೊಫೆಸರ್ ಕೊಡುವ ಆಫೀಸ್ ಅವರ್‌ಗೆ ಬರುತ್ತಿದ್ದವರು ಮೂರೋ ನಾಲ್ಕೋ ಜನ. ಅವರಲ್ಲಿ ಟ್ರಾನ್ಸ್‌ಫರ್ ಆದವರೇ ಜಾಸ್ತಿ. ಮೇಷ್ಟ್ರ ಪಕ್ಕ ಕೂತು "ಈ ಹೆಜ್ಜೆ ನಂಬಿಕೆ ಬರ್ತಿಲ್ಲ" ಅಂತ ಹೇಳುವುದು ನಮಗೆ ರೂಢಿ. ಬೇಸರ ಪಡುವಾಗ, ಏನು ಕಳೆದುಕೊಳ್ಳುತ್ತೇನೆ ಅಂತ ಬರೆದಿಡಿ ಅಂತ ನಾನು ಮಕ್ಕಳಿಗೆ ಹೇಳುವುದು ಇದಕ್ಕೇ. ಹೆಸರು ಹಿಡಿದು ಕರೆಯುವ ಮೇಷ್ಟ್ರು ಬೇಕು ಅಂತ ಬರೆದರೆ, ಎರಡನೇ ವಾರದೊಳಗೆ ಆಫೀಸ್ ಅವರ್‌ಗೆ ಹೋಗಿ. ನಾಲ್ಕು ಜನರ ಮೇಜು ಬೇಕು ಅಂತ ಬರೆದರೆ, ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ಅಂತ ಇರುವ ಸೆಂಟರ್ ಹುಡುಕಿ, ಈಗ ಎಷ್ಟೋ ಕ್ಯಾಂಪಸ್‌ಗಳಲ್ಲಿ ಇದೆ. ಮೊದಲ ಕ್ವಾರ್ಟರಿಗೇ ಕಷ್ಟದ ಕ್ಲಾಸುಗಳನ್ನೆಲ್ಲ ತುಂಬಿಕೊಳ್ಳಬೇಡಿ.

ಬೇಸರದ ಒಳಗೆ ಇನ್ನೊಂದು ಎಳೆ ಇದೆ. ಅದನ್ನು ಹೇಳದೆ ಇರಲು ನನಗೆ ಮನಸ್ಸಿಲ್ಲ. ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಅಂದೆನಲ್ಲ, ನಮ್ಮ ಮೇಜಿನಲ್ಲಿ ಲೆಕ್ಕದಲ್ಲಿ ಅವನೇ ಎಲ್ಲರಿಗಿಂತ ಚುರುಕು. ಅವನು ಟ್ರಾನ್ಸ್‌ಫರ್ ಆಗಲಿಲ್ಲ. ಪಾಳಿ ಬದಲಾಯಿತು, ಬೇಕಾದ ಫಿಸಿಕ್ಸ್ ಕ್ಲಾಸು ಅದೇ ಹೊತ್ತಿಗೆ. ಒಂದು ಟರ್ಮ್ ಬಿಟ್ಟ, ಆಮೇಲೆ ಬರಲೇ ಇಲ್ಲ. ದೇಶದ ಲೆಕ್ಕ ನೋಡಿದರೆ ಕಮ್ಯುನಿಟಿ ಕಾಲೇಜು ಸೇರುವವರಲ್ಲಿ ಬಹುಪಾಲು ಜನರಿಗೆ ಡಿಗ್ರಿ ಮಾಡುವ ಆಸೆ ಇರುತ್ತೆ. ಟ್ರಾನ್ಸ್‌ಫರ್ ಆಗುವವರು ಸುಮಾರು ಮೂರರಲ್ಲಿ ಒಬ್ಬರು. ಸೇರಿದ ಆರು ವರ್ಷದೊಳಗೆ ಡಿಗ್ರಿ ಕೈಗೆ ಬರುವುದು ನೂರಕ್ಕೆ ಸುಮಾರು 16 ಜನರಿಗೆ. 1960ರಲ್ಲಿ ಕೊಟ್ಟ ಮಾತು ಪೂರ್ತಿ ನಡೆದಿಲ್ಲ ಅಂತಲೇ ನಾನು ಹೇಳುತ್ತೇನೆ. ನಿಮ್ಮ ಸೀಟಿನ ಖುಷಿಯ ಜೊತೆ "ಅವನಿಗೆ ಯಾಕೆ ಸಿಗಲಿಲ್ಲ" ಅನ್ನೋ ಕುಟುಕು ಇದ್ದರೆ, ಅದು ನಿಮ್ಮ ಒಳ್ಳೆಯತನ. ಅದನ್ನು ಮುಚ್ಚಿಡಬೇಡಿ. ಹೋದ ಮೇಲೂ ಫೋನ್ ಮಾಡಿ. ಯಾವ ಕ್ಲಾಸಿನ ಯೂನಿಟ್ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕೆ ಬರುತ್ತೆ, ಯಾವುದು ಬರಲ್ಲ ಅನ್ನೋದು ನಿಮಗೆ ಈಗ ಗೊತ್ತು. ಅರ್ಜಿಯ ಗಡುವಿಗೆ ಮೊದಲು ಒಬ್ಬ ಗೆಳೆಯನ ಪಕ್ಕ ಕೂತು ಅರ್ಜಿ ತುಂಬಿಸಿಕೊಡಿ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು, ಅದನ್ನೂ ಇಲ್ಲಿ ಸೇರಿಸುತ್ತೇನೆ. ಒಬ್ಬ ತಂದೆ ಕೇಳಿದ್ದು: "ಮೇಡಂ, ಮಗನಿಗೆ ಇನ್ನೊಂದು ವರ್ಷ ಇಲ್ಲೇ ಇರಬೇಕು ಅಂತಿದೆ. ಬಿಡಬಹುದಾ?" ಬೇಕಾದ ಕ್ಲಾಸು ಬಾಕಿ ಇದ್ದರೆ, ಮನೆಯಲ್ಲಿ ಕಾಯಿಲೆ ಕಷ್ಟ ಇದ್ದರೆ ಬಿಡಿ. ಬರೀ ಬಿಟ್ಟು ಹೋಗಲು ಮನಸ್ಸಿಲ್ಲ ಅಂತಾದರೆ ಕಳಿಸಿ, ಯಾಕೆಂದರೆ ಮುಂದಿನ ವರ್ಷ ಅವನ ಮೇಜಿನ ಗೆಳೆಯರು ಅಲ್ಲಿ ಇರುವುದಿಲ್ಲ. ಅವರೂ ಹೊರಟಿರುತ್ತಾರೆ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯದು. "ಮೇಷ್ಟ್ರಿಗೆ ಥ್ಯಾಂಕ್ಸ್ ಹೇಳಬೇಕು, ಆದ್ರೆ ಸಂಕೋಚ. ಸೀಟು ಎಲ್ಲ ಪಕ್ಕಾ ಆದ ಮೇಲೆ, ಸೆಪ್ಟೆಂಬರಲ್ಲಿ ಹೋಗಿ ಹೇಳಲಾ?" ಬೇಡಮ್ಮ, ಕಾಯಬೇಡ. ಈ ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ಬಹಳ ಜನ ಪಾರ್ಟ್‌ಟೈಮ್. ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು ಅಂತ ಕಾರಿನಲ್ಲೇ ಅರ್ಧ ದಿನ ಕಳೆಯುತ್ತಾರೆ. ಅವರಿಗೆ ಫ್ರೀವೇ ಫ್ಲೈಯರ್ ಅಂತಲೇ ಹೆಸರು. ಮುಂದಿನ ಟರ್ಮ್‌ಗೆ ಅದೇ ಕಾಲೇಜಿನಲ್ಲಿ ಕ್ಲಾಸು ಸಿಗುತ್ತೆ ಅನ್ನೋ ಖಾತ್ರಿ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ ಹೋದರೆ ಆ ಕೋಣೆಯಲ್ಲಿ ಬೇರೆ ಯಾರೋ ಇರಬಹುದು. ಫೈನಲ್ ಪರೀಕ್ಷೆಗೆ ಮೊದಲಿನ ಕೊನೆಯ ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಹೋಗು. ಯಾವ ಯೂನಿವರ್ಸಿಟಿ, ಯಾವ ವಿಷಯ, ಅವರ ಯಾವ ಪಾಠ ನೆನಪಿದೆ ಅಂತ ಹೇಳು. ಬಾಯಿ ಕಟ್ಟಿಹೋದರೆ ಒಂದು ಕಾರ್ಡಿನಲ್ಲಿ ಬರೆದು ಕೈಗೆ ಕೊಡು, ಕೆಳಗೆ ನಿನ್ನ ಸ್ವಂತ ಈಮೇಲ್ ಹಾಕು. ಕಾಲೇಜಿನ ಈಮೇಲ್ ಆಮೇಲೆ ಇರುತ್ತೋ ಇಲ್ಲವೋ.